ಮಳೆ ರಜೆಯಲ್ಲಿ ಮನೆಯೊಳಗೆ ಬಣ್ಣದಾಟ: ಪುಟ್ಟ ಮಕ್ಕಳಿರುವ ಮನೆಗೆ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೆಳಿಗ್ಗೆ ಎದ್ದವರೆಲ್ಲ ಮೊಬೈಲ್ ತೆಗೆಯುವುದು ಒಂದೇ ಸುದ್ದಿಗೆ. ಇವತ್ತು ರಜೆ ಉಂಟೋ ಇಲ್ಲವೋ? ಜಿಲ್ಲಾಧಿಕಾರಿಗಳ ಆದೇಶ ಬಂದರೆ ಮಕ್ಕಳಿಗೆ ಹಬ್ಬ, ಮನೆಯಲ್ಲಿದ್ದವರಿಗೆ ತಲೆಬಿಸಿ. ಅಂಗಳಕ್ಕೆ ಬಿಡುವ ಹಾಗಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹತ್ತು ಗಂಟೆಯೊಳಗೆ ಸೋಫಾದ ಮೇಲಿಂದ ಹಾರಿ ಮುಗಿದಿರುತ್ತದೆ.

ಬಣ್ಣ ಕೊಟ್ಟರೆ ಮಕ್ಕಳು ಕೂರುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದರೂ ಕೊಡಲು ಹಿಂದೆಮುಂದೆ ನೋಡುತ್ತೇವೆ, ಗಲೀಜಾಗುತ್ತದೆ ಎಂದು. ಗಲೀಜು ಒರೆಸಿದರೆ ಹೋಗುತ್ತದೆ ಬಿಡಿ. ಇಲ್ಲಿ ನಿಜವಾಗಿ ಕಾಡುವುದು ತೇವ. ಶಿರಸಿ ಕಡೆ ಇರಲಿ, ಕಾರವಾರ ಕುಮಟಾ ಕಡೆ ಇರಲಿ, ಜುಲೈನಲ್ಲಿ ಕಾಗದ ಮುಟ್ಟಿದರೆ ಮೆತ್ತಗೆ, ಬೆಳಿಗ್ಗೆ ಹಚ್ಚಿದ ಬಣ್ಣ ರಾತ್ರಿಯಾದರೂ ಅಂಟು ಅಂಟು, ಹಿಟ್ಟಿನಿಂದ ಮಾಡಿದ ಬಣ್ಣಕ್ಕೆ ಎರಡೇ ದಿನಕ್ಕೆ ಬೂಸು. ಬಿಸಿಲಿನ ಊರಿನವರು ಹೇಳುವ ಉಪಾಯ ಹಾಗೆಯೇ ಮಾಡಿದರೆ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ತೇವವನ್ನು ಲೆಕ್ಕಕ್ಕೆ ಹಿಡಿದೇ ಇದನ್ನು ಬರೆದಿದ್ದೇನೆ. ಕೆಲವು ಆಟಕ್ಕೆ ತೇವವೇ ಉಪಕಾರಕ್ಕೂ ಬರುತ್ತದೆ. ಒಂದೂವರೆ ವರ್ಷದ ಪಾಪುವಿನಿಂದ ಏಳು ವರ್ಷದ ಮಾಣಿ, ಕೂಸುಗಳವರೆಗೆ, ಅಂದರೆ ಹುಡುಗ ಹುಡುಗಿಯರವರೆಗೆ, ಇದರಲ್ಲಿ ಏನಾದರೂ ಒಂದು ಹೊಂದುತ್ತದೆ.

ಬಣ್ಣ ತೆಗೆಯುವ ಮೊದಲು ಜಾಗ

ಮೇಜು ಬೇಡ, ನೆಲವೇ ಒಳ್ಳೆಯದು. ಕೆಳಗೆ ಬೀಳುವ ಭಯ ಇಲ್ಲ, ಕೈ ಚೆನ್ನಾಗಿ ಆಡುತ್ತದೆ. ತೋಟದವರ ಮನೆಯಲ್ಲಿ ಅಡಿಕೆ ಮುಚ್ಚುವ ಪ್ಲಾಸ್ಟಿಕ್ ಶೀಟು ಇದ್ದೇ ಇರುತ್ತದೆ. ಅದರಲ್ಲಿ ಒಂದು ತುಂಡು ಹಾಸಿ. ಬರೀ ಪ್ಲಾಸ್ಟಿಕ್ ಮೇಲೆ ನೀರು ಬಿದ್ದರೆ ಮಕ್ಕಳು ಜಾರುತ್ತಾರೆ, ಹಾಗಾಗಿ ಮೇಲೊಂದು ಹಳೆಯ ಬೆಡ್‌ಶೀಟ್ ಇರಲಿ. ಪೇಟೆಯ ಫ್ಲ್ಯಾಟಿನಲ್ಲಿ ಬಿಳಿ ಟೈಲ್ಸ್ ಇದ್ದರೆ ಶೀಟು ಇನ್ನೂ ದೊಡ್ಡದು ಬೇಕು, ಯಾಕೆಂದರೆ ಟೈಲ್ಸಿನ ಸಂದಿಗೆ ಹೋದ ಅರಿಶಿನ ಸುಲಭಕ್ಕೆ ಬಿಡುವುದಿಲ್ಲ.

ಬಣ್ಣದ ಬಟ್ಟಲಿಗೆ ಗರಟೆ ಚೆನ್ನಾಗಿರುತ್ತದೆ. ಆದರೆ ಅದರ ತಳ ಗುಂಡಗೆ, ಮಗು ಕುಂಚ ಅದ್ದಿದ ಕೂಡಲೇ ಮಗುಚುತ್ತದೆ. ಹಳೆಯ ಬಳೆ ಒಂದನ್ನು ನೆಲದಲ್ಲಿಟ್ಟು ಅದರ ಮೇಲೆ ಗರಟೆ ಕೂರಿಸಿ, ಅಲ್ಲಾಡುವುದಿಲ್ಲ. ಗಾಜಿನ ಬಳೆ ಬೇಡ, ಪ್ಲಾಸ್ಟಿಕ್ಕಿನದೋ ಲೋಹದ್ದೋ ಆಗಲಿ. ಅಡುಗೆಗೆ ಬಳಸದ ಹಳೆಯ ಇಡ್ಲಿ ತಟ್ಟೆ ಇದ್ದರೆ ಇನ್ನೂ ಸುಲಭ, ನಾಲ್ಕು ಗುಳಿಗೆ ನಾಲ್ಕು ಬಣ್ಣ. ಕುಂಚ ತೊಳೆಯುವ ನೀರಿಗೆ ಭಾರದ ಪಾತ್ರೆ ಇಡಿ, ಕಾಲು ಭಾಗ ಮಾತ್ರ ತುಂಬಿಸಿ. ಚೆಲ್ಲಿದರೂ ಅಷ್ಟೇ ನೀರು.

ಮಗುವಿಗೆ ಅಪ್ಪನ ಹಳೆಯ ಬನಿಯನ್ ಹಾಕಿ. ಶುರು ಮಾಡುವ ಮೊದಲು ಎರಡೂ ಕೈಗೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ ಒರೆಸಿಬಿಡಿ. ಆಮೇಲೆ ಅರಿಶಿನ, ಬೀಟ್‌ರೂಟು ಚರ್ಮಕ್ಕೆ ಅಷ್ಟು ಹಿಡಿಯುವುದಿಲ್ಲ.

ಇನ್ನು ಒಣಗಿಸುವ ಜಾಗ. ಇದನ್ನು ಚಿತ್ರ ಮುಗಿದ ಮೇಲೆ ಹುಡುಕಲು ಹೋಗಬೇಡಿ. ಒದ್ದೆ ಚಿತ್ರ ಕೈಯಲ್ಲಿ ಹಿಡಿದುಕೊಂಡು ಮನೆ ತುಂಬ ಓಡಾಡುವುದೇ ಅರ್ಧ ಗಲೀಜಿಗೆ ಕಾರಣ. ಮೊದಲು ಅರ್ಧ ಗಂಟೆ ಚಪ್ಪಟೆಯಾಗಿ ಇಡಲು ಒಂದು ಮೊರವೋ ದೊಡ್ಡ ಹರಿವಾಣವೋ ಬೇಕು. ಆಮೇಲೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಸಿ. ಬಚ್ಚಲ ಒಲೆ ಇರುವ ಮನೆಯವರಿಗೆ ಚಿಂತೆಯೇ ಇಲ್ಲ. ಒಲೆಯಿಂದ ಆಳೆತ್ತರ ದೂರದಲ್ಲಿ, ಬೆಂಕಿಯ ಕಿಡಿ ತಾಗದ ಗೋಡೆ ಬದಿಗೆ ಹಗ್ಗ ಕಟ್ಟಿದರೆ ಸಂಜೆ ಸ್ನಾನ ಮುಗಿಯುವಷ್ಟರಲ್ಲಿ ಚಿತ್ರ ಒಣಗಿರುತ್ತದೆ. ಒಲೆ ಇಲ್ಲದವರು ಫ್ಯಾನಿನ ಕೆಳಗೆ ಇಡಿ. ತೀರ ಅವಸರವಿದ್ದರೆ ಚಿತ್ರವನ್ನು ಬೋರಲು ಮಾಡಿ, ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಆಡಿಸಿ. ಇಸ್ತ್ರಿ ದೊಡ್ಡವರ ಕೆಲಸ. ಮೇಣ ಹಚ್ಚಿದ ಚಿತ್ರಕ್ಕೆ ಮಾತ್ರ ಇಸ್ತ್ರಿ ತಾಗಿಸಬೇಡಿ, ಮೇಣ ಕರಗಿ ಎಲ್ಲ ಹೋಗುತ್ತದೆ.

ಕಾಗದ

ಪ್ರಿಂಟರಿಗೆ ಹಾಕುವ 70–80 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಹಾಳೆ ನೀರು ಬಿದ್ದರೆ ಸುಕ್ಕಾಗಿ ಹರಿಯುತ್ತದೆ. ನೀರು ಬಣ್ಣಕ್ಕೆ 150 ಜಿಎಸ್ಎಂಗಿಂತ ದಪ್ಪದ ಡ್ರಾಯಿಂಗ್ ಶೀಟ್ ಬೇಕು. ದಿನವೂ ಕೊಳ್ಳಲು ಆಗುವುದಿಲ್ಲ ಅಲ್ವಾ, ಅದಕ್ಕೆ ಮದುವೆ ಕಾಗದ, ಸೀರೆ ಪೆಟ್ಟಿಗೆಯ ರಟ್ಟು, ಹಳೆಯ ಕ್ಯಾಲೆಂಡರಿನ ಹಿಂಬದಿ ಎತ್ತಿಡಿ. ನುಣುಪಾದ ಬದಿಗೆ ಬಣ್ಣ ಹಿಡಿಯುವುದಿಲ್ಲ, ಒರಟು ಬದಿಯೇ ಬೇಕು. ಕಾಗದವನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮಳೆಗಾಲದಲ್ಲೂ ಗರಿಗರಿಯಾಗಿ ಇರುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೂ ಒಳ್ಳೆಯ ಚಿತ್ರಪಟ. ತೊಳೆದು, ಕಲ್ಲು ಹೇರಿ ಚಪ್ಪಟೆ ಮಾಡಿ, ಚೆನ್ನಾಗಿ ಒಣಗಿಸಿಕೊಳ್ಳಿ. ಒಳಮೈ ನುಣುಪಾಗಿರುತ್ತದೆ, ಪೋಸ್ಟರ್ ಬಣ್ಣ ದಪ್ಪಗೆ ಹಚ್ಚಿದರೆ ನಿಲ್ಲುತ್ತದೆ.

ಯಾವ ಬಣ್ಣ ಕೊಡಬಹುದು, ಯಾವುದು ಬೇಡ

ಮೂರು ವರ್ಷದೊಳಗಿನ ಮಗು ಬಣ್ಣವನ್ನು ಬಾಯಿಗೆ ಹಾಕಿಯೇ ಹಾಕುತ್ತದೆ. ಬೇಡ ಎಂದರೆ ಇನ್ನೂ ಬೇಗ ಹಾಕುತ್ತದೆ. ಹಾಗಾಗಿ ಅವರಿಗೆ ಅಡುಗೆಮನೆಯ ಸಾಮಾನಿನಿಂದ ಮಾಡಿದ ಬಣ್ಣವೇ ಸರಿ. ಮೂರು ದಾಟಿದವರಿಗೆ ನೀರಿನಲ್ಲಿ ಕರಗುವ, ವಿಷರಹಿತ ಎಂದು ಬರೆದಿರುವ ಪೋಸ್ಟರ್ ಬಣ್ಣ, ನೀರು ಬಣ್ಣ ಕೊಡಬಹುದು. ಆಟಿಕೆ ಎಂದು ಮಾರುವ ಬಣ್ಣದ ಸೆಟ್ ಆದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಅಟ್ಟದ ಮೇಲೆ ಉಳಿದ ಗೋಡೆ ಬಣ್ಣದ ಡಬ್ಬಿ ಮಕ್ಕಳ ಕೈಗೆ ಬರಲೇಬಾರದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ, ಅದರಲ್ಲೂ ಕಿಟಕಿ ಬಾಗಿಲಿಗೆ ಹೊಡೆಯುವ ಎಣ್ಣೆ ಬಣ್ಣದಲ್ಲಿ, ಎಷ್ಟು ಸೀಸ ಇದೆಯೋ ಯಾರು ನೋಡಿದ್ದಾರೆ? ಪುಟ್ಟ ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು, ಸ್ವಲ್ಪವಾದರೂ ಕೆಟ್ಟದ್ದೇ. ಥಿನ್ನರ್, ಟರ್ಪೆಂಟೈನ್, ಬಟ್ಟೆಗೆ ಹಾಕುವ ಬಣ್ಣದ ಪುಡಿ, ಹೋಳಿ ಬಣ್ಣ, ರಂಗೋಲಿ ಪುಡಿ, ಅಂಗಡಿಯ ಕುಂಕುಮ ಇವೂ ಬೇಡ. ಪುಡಿ ಬಣ್ಣ ಮೂಗಿಗೆ ಹೋಗುತ್ತದೆ, ಅದಕ್ಕೆ ಏನು ಸೇರಿಸಿದ್ದಾರೆಂದು ಪ್ಯಾಕೆಟ್ಟಿನ ಮೇಲೆ ಇರುವುದೂ ಇಲ್ಲ. ಎಲೆಗೆ ಹಾಕುವ ಸುಣ್ಣವೂ ದೂರ ಇರಲಿ. ಕಣ್ಣಿಗೆ ಹೋದರೆ ಸುಡುತ್ತದೆ.

ಹನ್ನೆರಡು ಬಣ್ಣದ ಪೆಟ್ಟಿಗೆಯನ್ನು ಒಮ್ಮೆಲೇ ಬಿಚ್ಚಿ ಕೊಡಬೇಡಿ. ಹತ್ತು ನಿಮಿಷದಲ್ಲಿ ಎಲ್ಲ ಸೇರಿ ಕೆಸರಿನ ಬಣ್ಣವಾಗುತ್ತದೆ. ಒಂದು ಸಲಕ್ಕೆ ಎರಡು ಬಣ್ಣ ಸಾಕು. ಹಳದಿ ಮತ್ತು ನೀಲಿ ಕೊಟ್ಟರೆ ಹಸಿರನ್ನು ಅವರೇ ಕಂಡುಹಿಡಿಯುತ್ತಾರೆ. ನೀವು ಮೊದಲೇ ಹೇಳಿ ಮಜಾ ಹಾಳು ಮಾಡಬೇಡಿ.

ಬೆರಳು ಬಣ್ಣ ಮಾಡುವ ಕ್ರಮ

ಬೇಕಾಗುವುದು: ಅರ್ಧ ಲೋಟ ಕಾರ್ನ್‌ಫ್ಲೋರ್, ಎರಡು ಲೋಟ ನೀರು, ಒಂದು ಚಮಚ ಉಪ್ಪು.

1. ಕಾರ್ನ್‌ಫ್ಲೋರನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ. ಬಿಸಿನೀರಿಗೆ ನೇರವಾಗಿ ಹಾಕಿದರೆ ಗಂಟುಗಂಟಾಗುತ್ತದೆ.
2. ಉಳಿದ ಒಂದೂವರೆ ಲೋಟ ನೀರಿಗೆ ಉಪ್ಪು ಹಾಕಿ ಕುದಿಸಿ.
3. ಉರಿ ಸಣ್ಣ ಮಾಡಿ, ಕಲಸಿದ ಹಿಟ್ಟನ್ನು ಸುರಿಯುತ್ತಾ ಕೈಬಿಡದೆ ತಿರುವಿ. ಮೊದಲು ಹಾಲಿನ ಹಾಗಿದ್ದದ್ದು ಸ್ವಲ್ಪ ಹೊತ್ತಿಗೆ ಅರೆಪಾರದರ್ಶಕವಾಗಿ ದಪ್ಪ ಆಗುತ್ತದೆ. ಆಗ ಇಳಿಸಿ.
4. ಪೂರ್ತಿ ತಣಿಯಲಿ. ತಣಿದ ಮೇಲೆ ಇನ್ನೂ ದಪ್ಪವಾಗುತ್ತದೆ, ಗಟ್ಟಿ ಎನಿಸಿದರೆ ಸ್ವಲ್ಪ ನೀರು ಬೆರೆಸಿ. ಕೆನೆ ಮೊಸರಿನಷ್ಟು ದಪ್ಪ ಇದ್ದರೆ ಸರಿ.
5. ಮೂರು ನಾಲ್ಕು ಪಾಲು ಮಾಡಿ ಬಣ್ಣ ಸೇರಿಸಿ. ಹಳದಿಗೆ ಅರಿಶಿನ. ಗುಲಾಬಿಗೆ ಬೀಟ್‌ರೂಟ್ ತುರಿದು ಹಿಂಡಿದ ರಸ. ಹಸಿರಿಗೆ ಬಸಳೆಯನ್ನೋ ಪಾಲಕ್ಕನ್ನೋ ರುಬ್ಬಿ ಸೋಸಿದ ನೀರು. ನೀಲಿಗೆ ಶಂಖಪುಷ್ಪದ ಹೂವನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಾಕು. ಕಡು ಬಣ್ಣವೇ ಬೇಕೆಂದರೆ ಅಡುಗೆಯ ಬಣ್ಣ ಎರಡು ಹನಿ.

ಕಾರ್ನ್‌ಫ್ಲೋರ್ ಇಲ್ಲದಿದ್ದರೆ ಮೈದಾ ಆಗುತ್ತದೆ, ಆದರೆ ಸ್ವಲ್ಪ ಮಬ್ಬಾಗಿರುತ್ತದೆ. ಉಪ್ಪು ಹಾಕುವುದು ಎರಡು ಕಾರಣಕ್ಕೆ. ಬೇಗ ಕೆಡುವುದಿಲ್ಲ, ರುಚಿ ನೋಡಿದ ಮಗು ಮತ್ತೆ ಬಾಯಿಗೆ ಹಾಕುವುದೂ ಕಡಿಮೆ. ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನಕ್ಕೆ ವಾಸನೆ ಬರುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು, ಬೂಸು ಕಂಡರೆ ಅಡಿಕೆ ಮರದ ಬುಡಕ್ಕೆ ಚೆಲ್ಲಿ. ಉಳಿಸುವ ಗೋಜಿಗೆ ಹೋಗದೆ ಸ್ವಲ್ಪವೇ ಮಾಡುವುದು ಒಳ್ಳೆಯದು.

ಒಂದೂವರೆಯಿಂದ ಮೂರು ವರ್ಷ

ಈ ವಯಸ್ಸಿನವರಿಗೆ ಚಿತ್ರ ಬೇಕಿಲ್ಲ. ಕೈ ಆಡಿಸಿದರೆ ಗುರುತು ಮೂಡುತ್ತದೆ ಎಂಬುದೇ ಅವರಿಗೆ ದೊಡ್ಡ ವಿಷಯ. ಎಲ್ಲಕ್ಕಿಂತ ಸುಲಭದ್ದು ಪಾಟಿ ಮತ್ತು ನೀರು. ಒಂದು ದಪ್ಪ ಕುಂಚ, ಒಂದು ಬಟ್ಟಲು ನೀರು, ಒಂದು ಪಾಟಿ. ಒದ್ದೆಯಾದಲ್ಲಿ ಕಪ್ಪಾಗುತ್ತದೆ, ಆಮೇಲೆ ತಾನೇ ಅಳಿಸಿಹೋಗುತ್ತದೆ. ಬೇಸಿಗೆಯಲ್ಲಿ ಗೀಚಿದ್ದು ಬೇಗ ಆರಿಹೋಗಿ ಮಗುವಿಗೆ ಬೇಜಾರು. ಮಳೆಗಾಲದಲ್ಲಿ ಬೇಗ ಆರುವುದಿಲ್ಲ, ಹಾಗಾಗಿ ಆಟ ಉದ್ದಕ್ಕೆ ಹೋಗುತ್ತದೆ.

ಎರಡನೆಯದು ಕವರಿನೊಳಗಿನ ಬಣ್ಣ. ದಪ್ಪ ಜಿಪ್ ಕವರಿನೊಳಗೆ ಒಂದು ಮೂಲೆಗೆ ಒಂದು ಚಮಚ ಹಳದಿ, ಇನ್ನೊಂದು ಮೂಲೆಗೆ ಒಂದು ಚಮಚ ನೀಲಿ ಬೆರಳು ಬಣ್ಣ ಹಾಕಿ. ಗಾಳಿ ತೆಗೆದು ಮುಚ್ಚಿ, ನಾಲ್ಕೂ ಬದಿಗೆ ಅಗಲದ ಟೇಪು ಅಂಟಿಸಿ ಮಗುವಿನ ಎತ್ತರಕ್ಕೆ ಕಿಟಕಿ ಗಾಜಿಗೆ ಹಚ್ಚಿ. ಒತ್ತಿದಲ್ಲಿ ಬಣ್ಣ ಓಡುತ್ತದೆ, ಹಿಂದಿನಿಂದ ಬೆಳಕು ಬರುತ್ತದೆ, ಕೈಗೆ ಏನೂ ಹತ್ತುವುದಿಲ್ಲ. ಬಾಡಿಗೆ ಮನೆಯವರಿಗೆ, ಹೊಸ ಗೋಡೆ ಬಣ್ಣ ಹೊಡೆಸಿದವರಿಗೆ ಇದೇ ಸರಿ. ಕವರು ಬಿಡಿಬಿಡಿಯಾಗಿ ಮಗುವಿನ ಕೈಗೆ ಕೊಡಬೇಡಿ ಅಷ್ಟೇ, ಮುಖಕ್ಕೆ ಹಾಕಿಕೊಳ್ಳುತ್ತಾರೆ.

ಇದೆರಡರ ನಂತರ ನೇರ ಬೆರಳು ಬಣ್ಣ. ಕಾಗದದ ಬದಲು ಸ್ಟೀಲ್ ಹರಿವಾಣದ ಮೇಲೇ ಎರಡು ಚಮಚ ಹಾಕಿ ಬಿಡಿ. ಅವರು ಗೀಚಿದ ಮೇಲೆ, ನಿಮಗೆ ಇಷ್ಟವಾದ ಕ್ಷಣದಲ್ಲಿ ಒಂದು ಕಾಗದ ಮೇಲಿಟ್ಟು ಒತ್ತಿ ತೆಗೆದರೆ ಅಚ್ಚು ಬರುತ್ತದೆ. ಕಾಗದ ಹರಿಯುವ ರಗಳೆ ಇಲ್ಲ.

ಮೂರು ದಾಟಿದವರಿಗೆ ಅಚ್ಚಿನ ಆಟ

ತರಕಾರಿ ಅಚ್ಚು ಎಲ್ಲರಿಗೂ ಗೊತ್ತು, ಆದರೆ ಚೆನ್ನಾಗಿ ಬರುವುದಿಲ್ಲ ಎಂದು ಬಿಟ್ಟವರೇ ಜಾಸ್ತಿ. ತೊಂದರೆ ನೀರಿನದ್ದು. ಬೆಂಡೆಕಾಯಿಯನ್ನು ತೊಟ್ಟಿನಿಂದ ಒಂದು ಇಂಚು ಕೆಳಗೆ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಒತ್ತಿ ಲೋಳೆ ತೆಗೆಯಿರಿ. ಹಾಗಲಕಾಯಿ ಆದರೆ ಬೀಜ ತೆಗೆದು ಬೋರಲಿಡಿ. ಬಣ್ಣವನ್ನು ಬಟ್ಟಲಿನಲ್ಲಿ ಇಟ್ಟು ಅದ್ದಬೇಡಿ. ತಟ್ಟೆಯಲ್ಲಿ ಸ್ಪಂಜಿನ ತುಂಡೋ ನಾಲ್ಕು ಮಡಿಕೆ ಹತ್ತಿ ಬಟ್ಟೆಯೋ ಇಟ್ಟು, ಎರಡು ಚಮಚ ಪೋಸ್ಟರ್ ಬಣ್ಣಕ್ಕೆ ಅರ್ಧ ಚಮಚ ನೀರು ಬೆರೆಸಿ ಸುರಿಯಿರಿ. ಅದೇ ನಿಮ್ಮ ಶಾಯಿ ಪ್ಯಾಡು. ಕಾಗದದ ಕೆಳಗೆ ಒಂದು ಮಡಚಿದ ಪೇಪರ್ ಇದ್ದರೆ ಅಚ್ಚು ಪೂರ್ತಿ ಮೂಡುತ್ತದೆ. ಮಕ್ಕಳು ಒತ್ತಿದ ಮೇಲೆ ತಿಕ್ಕುತ್ತಾರೆ. “ಕಪ್ಪೆ ಹಾರಿದ ಹಾಗೆ ಕೂರಿಸು, ಎತ್ತು” ಎಂದರೆ ಬೇಗ ಅರ್ಥವಾಗುತ್ತದೆ.

ನನಗೆ ಎಲ್ಲದಕ್ಕಿಂತ ಇಷ್ಟ ಬಾಳೆ ಎಲೆಯ ದಂಟು. ಅಡ್ಡ ಕತ್ತರಿಸಿದರೆ ಒಳಗೆ ಸಣ್ಣ ಸಣ್ಣ ಕೋಣೆಗಳು, ಸುತ್ತ ಅರ್ಧಚಂದ್ರದ ಅಂಚು. ನಾಲ್ಕು ಸಲ ಒತ್ತಿದರೆ ಮೀನಿನ ಮೈಯ ಹುರುಪೆ ಬಂದೇಬಿಟ್ಟಿತು! ಒಂದು ಎಚ್ಚರಿಕೆ: ಬಾಳೆಯ ನೀರು ಬಟ್ಟೆಗೆ ಬಿದ್ದರೆ ಕಂದು ಕಲೆ ಹೋಗುವುದೇ ಇಲ್ಲ. ಕತ್ತರಿಸಿ ಒಂದು ಗಂಟೆ ಬಿಟ್ಟು, ಒರೆಸಿ ಕೊಡಿ.

ಎಲೆ ಅಚ್ಚಿಗೆ ನರ ಎದ್ದು ಕಾಣುವ ಎಲೆ ಬೇಕು. ದಾಸವಾಳ, ಪೇರಲೆ, ಜರಿಗಿಡ ಚೆನ್ನಾಗಿರುತ್ತವೆ. ಮಳೆ ನೀರು ಒರೆಸಿ, ಹಿಂಬದಿಗೆ ಬಣ್ಣ ಹಚ್ಚಿ, ಕಾಗದದ ಮೇಲಿಟ್ಟು, ಮೇಲೊಂದು ಕಾಗದ ಮುಚ್ಚಿ ಅಂಗೈಯಿಂದ ಒತ್ತಬೇಕು. ಮಲೆನಾಡಿನ ದರೆಯಲ್ಲಿ ಬೆಳೆಯುವ ಒಂದು ಜರಿಗಿಡದ ಎಲೆಯ ಅಡಿಗೆ ಬಿಳಿ ಪುಡಿ ಇರುತ್ತದೆ ನೋಡಿ. ಅದನ್ನು ಕಪ್ಪು ಕಾಗದದ ಮೇಲೆ ತಟ್ಟಿದರೆ ಬಣ್ಣವೇ ಬೇಡ. ಕೆಸುವಿನ ಎಲೆ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದೂ ಇಲ್ಲ, ಕೈ ತುರಿಸುತ್ತದೆ. ಗೇರು, ಮಾವು, ಎಕ್ಕದ ಸೊನೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹಲಸಿನ ಎಲೆಯ ಮೇಣವೂ ಕಿರಿಕಿರಿ.

ಕರಾವಳಿಯವರಿಗೆ ಚಿಪ್ಪಿಗೆ ಬರವಿಲ್ಲ. ಬಳಚಿನ ಚಿಪ್ಪನ್ನು ಕುದಿಸಿ, ತಿಕ್ಕಿ ತೊಳೆದು ಒಣಗಿಸಿದರೆ ಅಚ್ಚಿಗೂ ಆಗುತ್ತದೆ, ಬಣ್ಣ ಬಳಿಯಲೂ ಆಗುತ್ತದೆ. ಅಂಚು ಚೂಪಾಗಿದ್ದರೆ ಕಲ್ಲಿಗೆ ಉಜ್ಜಿ. ಮೂರರೊಳಗಿನ ಮಗು ಹತ್ತಿರವಿದ್ದರೆ ಸಣ್ಣ ಚಿಪ್ಪು ತೆಗೆದಿಡಿ, ಗಂಟಲಿಗೆ ಹೋದೀತು.

ಬಣ್ಣ ಬದಲಾಗುವ ಚಿತ್ರ

ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ಬಿಸಿನೀರಿಗೆ ಕದಡಿ, ದಪ್ಪ ಕಾಗದಕ್ಕೆ ಪೂರ್ತಿ ಬಳಿದು ಒಣಗಿಸಿ. ಹಿಂದಿನ ದಿನವೇ ಮಾಡಿಟ್ಟರೆ ಒಳ್ಳೆಯದು. ಇನ್ನೊಂದು ಬಟ್ಟಲಿನಲ್ಲಿ ಒಂದು ಚಮಚ ಅಡುಗೆ ಸೋಡಾವನ್ನು ಕಾಲು ಲೋಟ ನೀರಿಗೆ ಹಾಕಿ. ಈಗ ಮಗುವಿಗೆ ಆ ನೀರು ಮತ್ತು ಒಂದು ಹತ್ತಿಕಡ್ಡಿ ಕೊಡಿ. ಬರೀ ನೀರಿನ ಹಾಗೆ ಕಾಣುವುದನ್ನು ಅದ್ದಿ ಗೀಚಿದ ಕೂಡಲೇ ಹಳದಿಯ ಮೇಲೆ ಇಟ್ಟಿಗೆ ಕೆಂಪು ಗೆರೆ ಏಳುತ್ತದೆ. ಮೇಲೆ ಲಿಂಬೆ ರಸ ಹಚ್ಚಿದರೆ ಮತ್ತೆ ಹಳದಿ. ಐದು ವರ್ಷದ ಮಕ್ಕಳು ಇದನ್ನು ಗಂಟೆಗಟ್ಟಲೆ ಮಾಡುತ್ತಾರೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮ ಆಗುವುದೂ ಇದೇ ಗುಣದಿಂದ, ಆರತಿಯ ಓಕುಳಿ ಕೆಂಪಾಗುವುದೂ ಇದರಿಂದಲೇ. ಅರಿಶಿನ ಬಿದ್ದ ಅಂಗಿಗೆ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿಯಾಗಬೇಡಿ, ಅದೂ ಇದೇ.

ಶಂಖಪುಷ್ಪದ ನೀಲಿ ನೀರಿಗೂ ಇಂಥದ್ದೇ ಆಟ ಇದೆ. ಲಿಂಬೆ ಹನಿ ಬಿದ್ದಲ್ಲಿ ನೇರಳೆ, ಸೋಡಾ ಬಿದ್ದಲ್ಲಿ ಹಸಿರಿಗೆ ತಿರುಗಿದ ನೀಲಿ. ಹೂವಿನ ಬಣ್ಣ, ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಇಷ್ಟವಾದದ್ದನ್ನು ಪುಸ್ತಕದೊಳಗೆ ಇಡಲಿ.

ಒದ್ದೆ ಕಾಗದ, ಉಪ್ಪು, ಮೇಣದ ಬತ್ತಿ

ತೇವ ಉಪಕಾರಕ್ಕೆ ಬರುತ್ತದೆ ಎಂದೆನಲ್ಲ, ಅದು ಇಲ್ಲಿ. ದಪ್ಪ ಕಾಗದವನ್ನು ಸ್ಪಂಜಿನಿಂದ ಒದ್ದೆ ಮಾಡಿ, ಅದರ ಮೇಲೆ ನೀರು ಬಣ್ಣದ ಹನಿ ಬಿಟ್ಟರೆ ಬಣ್ಣ ತಾನಾಗಿ ಹರಡುತ್ತದೆ. ಒಣ ಹವೆಯಲ್ಲಿ ಇದಕ್ಕೆ ಅವಸರ ಮಾಡಬೇಕು, ಕಾಗದ ಬೇಗ ಆರುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಕಾಗದ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ, ನಿಧಾನದ ಮಗುವಿಗೂ ಬೇಕಾದಷ್ಟು ಸಮಯ ಸಿಗುತ್ತದೆ.

ಬಣ್ಣ ಹೊಳೆಯುತ್ತಿರುವಾಗಲೇ ಮೇಲೆ ಕಲ್ಲುಪ್ಪು ಉದುರಿಸಿ. ಉಪ್ಪಿನ ಹರಳು ಸುತ್ತಲಿನ ನೀರನ್ನೂ ಅದರ ಜೊತೆಗೆ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಉಪ್ಪನ್ನು ಕೈಯಿಂದ ಉದುರಿಸಿದರೆ ಪ್ರತಿ ಹರಳಿನ ಸುತ್ತ ಚಿಕ್ಕಿಯ ಹಾಗೆ ತಿಳಿಯಾದ ಗುರುತು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಇದ್ದರೆ ಹರಳು ದಪ್ಪಗಿರುತ್ತದೆ, ಗುರುತೂ ದೊಡ್ಡದು. ಆದರೆ ಮಳೆಗಾಲದಲ್ಲಿ ಭರಣಿಯ ಉಪ್ಪೇ ನೀರು ಬಿಟ್ಟುಕೊಂಡಿರುತ್ತದೆ, ಆಗಲೇ ಹೀರಿ ಹೊಟ್ಟೆ ತುಂಬಿದ ಉಪ್ಪು ಇನ್ನೇನು ಎಳೆಯುತ್ತದೆ? ಬಾಣಲೆಯಲ್ಲಿ ಎರಡು ಮೂರು ನಿಮಿಷ ಹುರಿದು, ತಣಿಸಿ, ತಕ್ಷಣ ಬಳಸಿ. ಈ ಒಂದು ಕೆಲಸ ಬಿಟ್ಟರೆ ಚಿತ್ರ ಬರುವುದೇ ಇಲ್ಲ. ಕೈಯಲ್ಲಿ ಗಾಯವಿದ್ದರೆ ಉರಿಯುತ್ತದೆ, ನೋಡಿಕೊಳ್ಳಿ.

ಮೇಣದ ಬತ್ತಿಯ ಆಟ ಕರೆಂಟು ಹೋದ ಸಂಜೆಗೆ ಹೇಳಿ ಮಾಡಿಸಿದ್ದು. ಬಿಳಿ ಕಾಗದದ ಮೇಲೆ ಹೊತ್ತಿಸದ ಬಿಳಿ ಮೇಣದ ಬತ್ತಿಯಿಂದ ಒತ್ತಿ ಗೀಚಿ, ಏನೂ ಕಾಣುವುದಿಲ್ಲ. ಮೇಲೆ ತೆಳು ನೀರು ಬಣ್ಣ ಬಳಿದರೆ ಮೇಣ ಇದ್ದಲ್ಲಿ ಬಣ್ಣ ಹಿಡಿಯದೆ ಬಿಳಿ ಗೆರೆ ಕಾಣುತ್ತದೆ. ನೀವು ಮೇಣದಲ್ಲಿ ಮಗುವಿನ ಹೆಸರು ಬರೆದಿಟ್ಟು ಬಣ್ಣ ಬಳಿಯಲು ಕೊಟ್ಟು ನೋಡಿ.

ಊದುವ ಚಿತ್ರ, ಅಂದರೆ ತೆಳು ಬಣ್ಣದ ಹನಿಯನ್ನು ಸ್ಟ್ರಾದಿಂದ ಊದಿ ಕೊಂಬೆ ಮಾಡುವುದು, ನಾಲ್ಕು ದಾಟಿದವರಿಗೆ. ಸ್ಟ್ರಾದ ನಡುವೆ ಪಿನ್ನಿನಿಂದ ಒಂದು ತೂತು ಮಾಡಿ. ಮರೆತು ಎಳೆದುಕೊಂಡರೂ ಬಣ್ಣ ಬಾಯಿಗೆ ಬರುವುದಿಲ್ಲ. ಪಪ್ಪಾಯಿ ಎಲೆಯ ದಂಟು ಬೇಡ, ಹಾಲು ತುಟಿಗೆ ತಾಗುತ್ತದೆ.

ಸ್ವಲ್ಪ ದೊಡ್ಡವರಿಗೆ: ಕಾವಿ ಮತ್ತು ಹಸೆ

ಐದಾರು ವರ್ಷದವರಿಗೆ ಊರಿನ ಕಲೆಯನ್ನೇ ಕಾಗದಕ್ಕೆ ಇಳಿಸಬಹುದು. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದಾಗ ಗೋಡೆಯ ಕೆಂಪು ಬಿಳಿ ಚಿತ್ರ ನೋಡಿದ್ದೀರಲ್ಲ, ಅದು ಕಾವಿ ಕಲೆ. ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುವ ಕೆಲಸ. ಮಕ್ಕಳಿಗೆ ಹೀಗೆ ಮಾಡಿಸಿ. ಗಟ್ಟಿ ಬಿಳಿ ರಟ್ಟಿಗೆ ಬಿಳಿ ಮೇಣದ ಬಳಪವನ್ನು ಒಂದು ಚುಕ್ಕೆಯೂ ಬಿಡದ ಹಾಗೆ ಒತ್ತಿ ತಿಕ್ಕಲಿ. ಎರಡು ಚಮಚ ಕಂದುಗೆಂಪು ಪೋಸ್ಟರ್ ಬಣ್ಣಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಮೇಲೆ ಬಳಿಯಿರಿ. ಲಿಕ್ವಿಡ್ ಹಾಕದಿದ್ದರೆ ಮೇಣದ ಮೇಲೆ ಬಣ್ಣ ಹನಿಹನಿಯಾಗಿ ನಿಲ್ಲುತ್ತದೆ. ಕೈಗೆ ಹತ್ತದಷ್ಟು ಒಣಗಿದ ಮೇಲೆ ಹಿಡಿಕಡ್ಡಿಯ ದಪ್ಪ ತುದಿಯಿಂದ ಕೆರೆಯಲಿ. ಬಳ್ಳಿ, ಹಕ್ಕಿ, ಆನೆ ಅವರಿಷ್ಟ. ನಮ್ಮ ಮನೆಯ ಕೂಸು ದೇವಸ್ಥಾನದ ಆನೆಗೆ ಛತ್ರಿ ಕೊಟ್ಟಿದ್ದಳು, ಜೋರು ಮಳೆ ಅಲ್ವಾ ಎಂದಳು.

ಹಸೆ ಚಿತ್ತಾರ ಘಟ್ಟದ ಮೇಲಿನ ದೀವರ ಸಮುದಾಯದ ಹೆಂಗಸರು ಬೆಳೆಸಿಕೊಂಡು ಬಂದ ಕಲೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದನ್ನೇ ಬರೆಯುತ್ತಾರೆ. ಮನೆಯಲ್ಲಿ ಮಾಡಲು ಸೀರೆ ಪೆಟ್ಟಿಗೆಯ ರಟ್ಟಿಗೆ ಜರಡಿ ಹಿಡಿದ ಕೆಮ್ಮಣ್ಣನ್ನು ಗಂಜಿಯಲ್ಲಿ ಕಲಸಿ ಬಳಿದು ಒಣಗಿಸಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಅದಕ್ಕೂ ಎರಡು ಚಮಚ ಗಂಜಿ ಸೇರಿಸಿ. ಬರೀ ಹಿಟ್ಟಾದರೆ ಒಣಗಿದ ಮೇಲೆ ಉದುರುತ್ತದೆ. ಕುಂಚಕ್ಕೆ ಅಡಿಕೆ ಸಿಪ್ಪೆಯ ತುದಿ ಜಜ್ಜಿಕೊಂಡರೆ ಸಾಕು. ಈ ವಯಸ್ಸಿಗೆ ನೆಟ್ಟಗಿನ ಗೆರೆ ಕಷ್ಟ. ಮೊದಲು ಚುಕ್ಕಿ ಸಾಲು, ಆಮೇಲೆ ಅಡ್ಡ ಗೆರೆ, ಕೊನೆಗೆ ತ್ರಿಕೋನ ಎಂದು ಹೋಗಿ. ಮನೆಯಲ್ಲೋ ಕೇರಿಯಲ್ಲೋ ಹಸೆ ಬರೆಯುವ ಅಜ್ಜಿ ಇದ್ದರೆ ಮಗುವನ್ನು ಅವರ ಪಕ್ಕ ಕೂರಿಸಿ ನೀವು ಸುಮ್ನೆ ಬದಿಗೆ ಸರಿಯಿರಿ.

ಪಕ್ಕದಲ್ಲಿ ಕೂತವರು ಮಾಡಬಾರದ್ದು

ಮಗುವಿನ ಕೈ ಹಿಡಿದು ಬರೆಸಬೇಡಿ. ಚಿತ್ರ ನಿಮ್ಮದಾಗುತ್ತದೆ. ಮೂರು ನಾಲ್ಕು ವರ್ಷದವರು ಮನುಷ್ಯನನ್ನು ಬರೆದರೆ ತಲೆಯಿಂದಲೇ ಕಾಲು ಹೊರಡುತ್ತದೆ, ಹೊಟ್ಟೆ ಇರುವುದಿಲ್ಲ. ಎಲ್ಲ ಊರಿನ ಮಕ್ಕಳೂ ಹೀಗೆಯೇ ಶುರು ಮಾಡುವುದು, ತಿದ್ದಲು ಹೋಗಬೇಡಿ. “ಇದೇನು ಇದು?” ಎಂದು ಕೇಳಿದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ. “ಇಲ್ಲಿ ಏನಾಗ್ತಾ ಇದೆ, ಹೇಳು” ಎನ್ನಿ, ಕಥೆಯೇ ಬರುತ್ತದೆ. ಸಮುದ್ರ ನೀಲಿ ಇರಬೇಕು ಎಂಬ ಹಟವೂ ಬೇಡ. ಕಾರವಾರದಲ್ಲಿ ಮಳೆಗಾಲಕ್ಕೆ ಕಾಳಿ ನದಿ ಮಣ್ಣು ಹೊತ್ತು ತರುತ್ತದೆ, ಕೋಡಿಬಾಗದ ಕಡೆ ನಿಂತು ನೋಡಿದರೆ ಕಡಲು ಕಂದು ಬಣ್ಣವೇ. ಕಂದು ಬಳಿದ ಮಗು ಕಣ್ಣಿಗೆ ಕಂಡದ್ದನ್ನೇ ಬಳಿದಿದೆ.

ಹದಿನೈದು ನಿಮಿಷಕ್ಕೆ ಎದ್ದು ಹೋದರೂ ಬೇಸರ ಬೇಡ. ಮೂರು ವರ್ಷದವರಿಗೆ ಅಷ್ಟೇ ಜಾಸ್ತಿ.

ತೊಳೆಯುವುದು, ಎತ್ತಿಡುವುದು

ಕೈಗೆ ಹತ್ತಿದ ಬಣ್ಣಕ್ಕೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಕಡಲೆಹಿಟ್ಟು. ಬಟ್ಟೆಗೆ ಬಿದ್ದ ಪೋಸ್ಟರ್ ಬಣ್ಣವನ್ನು ಒಣಗಲು ಬಿಡದೆ ತಣ್ಣೀರಿಗೆ ಹಿಡಿಯಿರಿ. ಅರಿಶಿನದ ಕಲೆ ತೊಳೆದ ಮೇಲೂ ಉಳಿದರೆ ಮಳೆ ಬಿಟ್ಟು ಬಿಸಿಲು ಬಂದ ದಿನ ಹರವಿ, ಬಿಸಿಲೇ ಅದನ್ನು ತೆಗೆಯುತ್ತದೆ. ಕುಂಚವನ್ನು ನೀರಿನಲ್ಲಿ ಅದ್ದಿಟ್ಟು ಮರೆತರೆ ಕೂದಲು ಬಾಗುತ್ತದೆ, ಬೂಸೂ ಬರುತ್ತದೆ. ತೊಳೆದು, ಹಿಂಡಿ, ಮಲಗಿಸಿ 1 ದಿನ ಗಾಳಿಗೆ ಬಿಟ್ಟು ಆಮೇಲೆ ಕೂದಲು ಮೇಲೆ ಬರುವ ಹಾಗೆ ನಿಲ್ಲಿಸಿ. ಬಣ್ಣದ ನೀರನ್ನು ಬಾವಿ ಕಟ್ಟೆಯ ಹತ್ತಿರ ಚೆಲ್ಲಬೇಡಿ.

ಚಿತ್ರಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದಿಡಿ. ಹಿಟ್ಟಿನ ಬಣ್ಣದವು, ಗಂಜಿ ಹಾಕಿದವು ಮಳೆಗಾಲ ದಾಟುವುದಿಲ್ಲ, ಜಿರಳೆಯೂ ಬರುತ್ತದೆ. ಅವುಗಳ ಫೋಟೋ ತೆಗೆದುಕೊಂಡು ಬಚ್ಚಲ ಒಲೆಗೆ ಹಾಕಬಹುದು, ಆದರೆ ಮಗು ನೋಡುವಾಗ ಬೇಡ. ಪೋಸ್ಟರ್ ಬಣ್ಣದವು ಪೂರ್ತಿ ಒಣಗಿದ ಮೇಲೆ ನಡುನಡುವೆ ನ್ಯೂಸ್ ಪೇಪರ್ ಇಟ್ಟು ಕಾಗದದ ಡಬ್ಬಿಯಲ್ಲೇ ಇಡಿ. ಸ್ವಲ್ಪವೇ ಅಂಟಿದ್ದರೂ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಹಾಗಾಗಿ ಬೆರಳಿನಿಂದ ಮುಟ್ಟಿ ನೋಡಿಯೇ ಜೋಡಿಸಿ.